ಸೂಜಿ ಮಾವನ ಮೊದ್ದುಮಣಿ

ಮುಖ ನೋಡದೆ ಬರೀ ಕೈ ನೋಡಿ ಹೊಟ್ಟೆ ಹೊರೆಯುವವರು ಈ ಲೋಕದಲ್ಲಿ ಇಬ್ಬರೇ. ಒಬ್ಬ ಭವಿಷ್ಯ ಹೇಳುವವನು, ಇನ್ನೊಬ್ಬ ರಕ್ತ ತೆಗೆಯುವವನು. ಭವಿಷ್ಯ ಹೇಳುವವನಿಗಾದರೂ ಜನ ನಗುನಗುತ್ತಾ ಕೈ ಚಾಚುತ್ತಾರೆ. ರಕ್ತ ತೆಗೆಯುವವನಿಗೆ ಕೈ ಕೊಟ್ಟು ಮುಖ ಗೋಡೆ ಕಡೆ ತಿರುಗಿಸಿಕೊಳ್ಳುತ್ತಾರೆ. ನಮ್ಮ ಸೂಜಿ ಮಾವ ಈ ಕೆಲಸದಲ್ಲೇ ಕೂದಲು ನರೆಸಿಕೊಂಡವನು.

ಸೂಜಿ ಮಾವ ಅನ್ನುವುದು ಅವನ ಅಕ್ಕನ ಮಕ್ಕಳು ಇಟ್ಟ ಹೆಸರು. ಇಟ್ಟ ಹೆಸರು ಅನ್ನುವುದಕ್ಕಿಂತ ಅಕ್ಕ ಇಡಿಸಿದ ಹೆಸರು ಅಂದರೆ ಸರಿ. ತುತ್ತು ಬಾಯಿಗೆ ಹೋಗದಿದ್ದರೆ "ಸೂಜಿ ಮಾವ ಬರ್ತಾನೆ ನೋಡು" ಅಂತ ಹೆದರಿಸಿ ಹೆದರಿಸಿಯೇ ಅವಳು ಮೂರು ಮಕ್ಕಳನ್ನು ದೊಡ್ಡ ಮಾಡಿದ್ದು. ಆ ಮಕ್ಕಳು ಈಗ ಮೀಸೆ ಹೊತ್ತು ತಿರುಗುತ್ತಿವೆ, ಕೆಲಸಕ್ಕೆ ಹೋಗುತ್ತಿವೆ. ಹೆಸರು ಮಾತ್ರ ನೆಂಟರಿಷ್ಟರ ಬಾಯಲ್ಲೆಲ್ಲ ಉಳಿದುಬಿಟ್ಟಿತು. ಅವನು ಯಾರ ಮನೆಗೆ ಕಾಲಿಟ್ಟರೂ ತೊಟ್ಟಿಲಲ್ಲಿದ್ದ ಕೂಸು ಸಮೇತ ರಾಗ ಎಳೆಯುತ್ತದೆ. ಮದುವೆ ಅಂತ ಒಂದು ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಕೇಳುವವರೂ ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದರು.

ಅವನ ಲ್ಯಾಬು ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಬೆಳಕು ಹರಿಯುವ ಮೊದಲೇ ಜನ ಖಾಲಿ ಹೊಟ್ಟೆಯಲ್ಲಿ ಬಂದು ಸಾಲು ನಿಲ್ಲುತ್ತಿದ್ದರು. ಹಸಿದವರ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹೇಳಬೇಕಾಗಿಲ್ಲ. ತೋಳಿಗೆ ರಬ್ಬರ್ ಪಟ್ಟಿ ಬಿಗಿ, ಸ್ಪಿರಿಟ್ ಹತ್ತಿಯಲ್ಲಿ ಒರೆಸು, ನರ ಹುಡುಕು, ಚುಚ್ಚು. ಇಡೀ ದಿನ ಅವನ ಬಾಯಲ್ಲಿ ಬರುತ್ತಿದ್ದ ಮಾತು ಇಷ್ಟೇ: "ಮುಷ್ಟಿ ಬಿಗಿ ಹಿಡೀರಿ." ಆಮೇಲೆ, "ಬಿಡಿ ಈಗ." ಕೊನೆಗೆ ತೂತಿನ ಮೇಲೆ ಹತ್ತಿ ಇಟ್ಟು, "ಒತ್ತಿ ಹಿಡ್ಕೊಳ್ಳಿ, ನಿಂತೋಗುತ್ತೆ." ಸಂಜೆ ಹೊತ್ತಿಗೆ ಸೊಂಟ ಬೇರೆ, ಕಾಲು ಬೇರೆ ಅನ್ನುವ ಹಾಗೆ ಆಗಿ ಮನೆ ಮೆಟ್ಟಿಲು ಹತ್ತುತ್ತಿದ್ದ.

ಹಾಗೆ ಹತ್ತುವಾಗ ಮೇಲಿಂದ ಒಂದು ಸಿಳ್ಳೆ ಕೇಳುತ್ತಿತ್ತು. ಅವನು ಇನ್ನೂ ಬೀಗಕ್ಕೆ ಕೈ ಹಾಕಿರುತ್ತಿರಲಿಲ್ಲ, ಅಷ್ಟರಲ್ಲೇ "ಕುಯ್ಯ್, ಕುಯ್ಯ್" ಅಂತ ಬಾಗಿಲಾಚೆ ಹಬ್ಬವೋ ಹಬ್ಬ. ಸಿಳ್ಳೆ ಹಾಕುತ್ತಿದ್ದುದು ಎರಡು ಗಿನಿಪಿಗ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮೊಲದ ತಂಗಿ, ಇಲಿಯ ಅಕ್ಕ ಅನ್ನಿಸುವಂಥ, ಬಾಲವೇ ಇಲ್ಲದ ಉಂಡೆ ಪ್ರಾಣಿ ಅದು. ಲ್ಯಾಬಿನವರು ಕೇಳದ ಪ್ರಶ್ನೆ ಇಲ್ಲ. ಮನೆಗೆ ಹೋದ ಮೇಲೆ ಅವುಗಳ ರಕ್ತಾನೂ ತೆಗೀತೀರಾ, ಯಾವ ಔಷಧಿ ಪ್ರಯೋಗ ನಡೀತಿದೆ ಅಂತೆಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಹಿಂದಿನಿಂದ ನಗುತ್ತಿದ್ದರು. ನಗಲಿ ಬಿಡಿ. ಬೆಳಗಿನಿಂದ ಸಂಜೆತನಕ ಮುಖ ತಿರುಗಿಸಿಕೊಂಡವರನ್ನೇ ನೋಡಿ ಬಂದವನಿಗೆ ಆ ಸಿಳ್ಳೆ ಏನಾಗಿತ್ತು ಅಂತ ಅವನಿಗೆ ಗೊತ್ತು.

ಅವು ಬಂದದ್ದು ಅಕ್ಕನ ಮನೆಯಿಂದಲೇ. ಅಕ್ಕ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಮುಂದಿನ ಕೋಣೆಯೇ ಅಂಗಡಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಜಾಲರಿ ಕಟ್ಟಿ ಗಿನಿಪಿಗ್ ಸಾಕಿದ್ದಳು. ಎರಡೂ ಹೆಣ್ಣೇ ಅಂತ ಆಣೆ ಮಾಡಿ ಅಂಗಡಿಯವನು ಕೊಟ್ಟ ಜೋಡಿಯಲ್ಲಿ ಒಂದು ಗಂಡು ಅಂತ ಗೊತ್ತಾಗುವಷ್ಟರಲ್ಲಿ ಮರಿ ಬಿದ್ದಾಗಿತ್ತು. ಗಂಡನ್ನು ಯಾರಿಗೋ ದಾಟಿಸಿ, ತಾಯಿಯನ್ನೂ ಮೂರು ಹೆಣ್ಣು ಮರಿಗಳನ್ನೂ ಇಟ್ಟುಕೊಂಡು, ಉಳಿದ ಎರಡನ್ನು ತಮ್ಮನ ತಲೆಗೆ ಕಟ್ಟಿದಳು. ತಾಯಿಗೆ ಯಜಮಾನಿ ಅಂತ ಹೆಸರು. ಅವಳು ಕೂತಲ್ಲಿಂದ ಎದ್ದರೆ ಮಿಕ್ಕ ಮೂರೂ ಏಳಬೇಕು, ಅವಳು ಓಡಿದರೆ ಓಡಬೇಕು. ತಮ್ಮನ ಮನೆಗೆ ಬಂದ ಎರಡರಲ್ಲಿ ಚುರುಕಾಗಿದ್ದದ್ದು ಜಾಣೆ, ಅದರ ಬೆನ್ನ ಹಿಂದೆಯೇ ಸುತ್ತುತ್ತಿದ್ದದ್ದು ಮೊದ್ದುಮಣಿ.

ಜಾಣೆ ಸತ್ತುಹೋಯಿತು. ಬೆಳಗ್ಗೆ ಎದ್ದು ನೋಡಿದರೆ ಮಲಗಿದ ಹಾಗೇ ಇತ್ತು. ಅವತ್ತಿನಿಂದ ಮೊದ್ದುಮಣಿ ಮೂಲೆ ಹಿಡಿಯಿತು. ಅವನು ಸಂಜೆ ಬಂದಾಗ ಸಿಳ್ಳೆ ಹಾಕುತ್ತದೆ, ಅವನು ಪಕ್ಕದಲ್ಲಿ ನೆಲದ ಮೇಲೆ ಕೂತರೆ ನಾಲ್ಕು ಎಲೆ ತಿನ್ನುತ್ತದೆ. ಅವನು ಎದ್ದರೆ ತಿನ್ನುವುದನ್ನು ನಿಲ್ಲಿಸುತ್ತದೆ. ಹಗಲೆಲ್ಲ ಇಟ್ಟ ಹುಲ್ಲು ಇಟ್ಟ ಹಾಗೇ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗತೊಡಗಿತು. ಪ್ರಾಣಿಗಳ ಡಾಕ್ಟರಮ್ಮ ಹಲ್ಲು ನೋಡಿದಳು, ಹೊಟ್ಟೆ ಒತ್ತಿದಳು, ರೋಗ ಏನೂ ಇಲ್ಲ ಅಂದಳು. ಇವು ಗುಂಪಿನಲ್ಲೇ ತಿಂದು ಗುಂಪಿನಲ್ಲೇ ಮಲಗುವ ಜಾತಿ, ಒಂಟಿಯಾದರೆ ಬಾಯಿ ಕಟ್ಟುತ್ತವೆ, ಹೊಟ್ಟೆ ಖಾಲಿ ಬಿದ್ದರೆ ಕರುಳೇ ನಿಂತುಹೋಗುತ್ತದೆ. ಬೇಗ ಜೊತೆ ಮಾಡಿಕೊಡಿ, ಇಲ್ಲದಿದ್ದರೆ ಇದು ಉಳಿಯುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದಳು.

ಹೊಸದೊಂದು ತಂದರೆ ಅದೂ ಇದೂ ಹಗಲೆಲ್ಲ ಖಾಲಿ ಮನೆಯಲ್ಲೇ, ನಾಳೆ ಒಂದು ಹೋದರೆ ಮತ್ತೆ ಇದೇ ಗೋಳು. ಅಕ್ಕನನ್ನು ಕೇಳಿದ. ಅಕ್ಕ ನಕ್ಕೇಬಿಟ್ಟಳು. ಹೆಣ್ಣುಮಗಳು ತವರಿಗೆ ಬರೋಕೆ ಅಪ್ಪಣೆ ಯಾಕೆ, ಹೆತ್ತ ತಾಯಿ ಮಗಳನ್ನ ಮರೀತಾಳಾ, ಭಾನುವಾರ ಕರ್ಕೊಂಡು ಬಾ ಅಂದಳು.

ಭಾನುವಾರ ಕರೆದುಕೊಂಡು ಹೋದ. ಮನೆಮನೆಗೆ ಹೋಗಿ ರಕ್ತ ತರಲು ಲ್ಯಾಬಿನವರು ಕೊಟ್ಟಿದ್ದ ಹಳೇ ಬ್ಯಾಗು ಒಂದಿತ್ತು, ಗಾಜಿನ ಕೊಳವೆ ಒಡೆಯದಿರಲಿ ಅಂತ ಒಳಗೆಲ್ಲ ಸ್ಪಂಜು. ಅದಕ್ಕಿಂತ ಮೆತ್ತನೆಯದು ಅವನ ಬಳಿ ಬೇರೆ ಇರಲಿಲ್ಲ. ಅದರಲ್ಲಿ ಕೂರಿಸಿಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು, ಕುಲುಕದ ಹಾಗೆ ತಂದ. ಅಕ್ಕ ಜಾಲರಿ ಬಾಗಿಲು ತೆಗೆದಳು. ಅವನು ಎರಡೂ ಕೈಯಲ್ಲಿ ಎತ್ತಿ ಒಳಗೆ ಬಿಟ್ಟ.

ನಾಲ್ಕೂ ಕಲ್ಲಾದವು. ಮರುಗಳಿಗೆ ಕಾಲಿಗೆ ಬುದ್ಧಿ ಹೇಳಿ ಆಚೆ ಮೂಲೆಗೆ ಒಂದರ ಮೇಲೊಂದು ಬಿದ್ದವು. ಮೊದ್ದುಮಣಿ ಪಾಪ, ಜೊತೆ ಸಿಕ್ಕಿತು ಅಂತ ಗುರುಗುರು ಅನ್ನುತ್ತಾ ಅವುಗಳ ಹಿಂದೆಯೇ ಹೋಯಿತು. ಯಜಮಾನಿ ಮೈಕೂದಲು ನಿಗುರಿಸಿ, ಕಟಕಟ ಹಲ್ಲು ಕಡಿದು, ನುಗ್ಗಿ ಬಂದು ಬೆನ್ನಿನ ಒಂದು ಹಿಡಿ ಕೂದಲನ್ನು ಕಿತ್ತೇಬಿಟ್ಟಳು. ಸೂಜಿ ಮಾವ ತಟ್ಟನೆ ಮೊದ್ದುಮಣಿಯನ್ನು ಎತ್ತಿಕೊಂಡ. ಭಾವ ಅಂದರೆ ಅಕ್ಕನ ಗಂಡ, ವಾರವೆಲ್ಲ ಲಾರಿ ಓಡಿಸಿ ಭಾನುವಾರ ಕುರ್ಚಿ ಬಿಟ್ಟು ಏಳದವನು, ಕೂತಲ್ಲಿಂದಲೇ ಎರಡು ಜಡೆ ಸೇರೋದೇ ಕಷ್ಟ, ಇಲ್ಲಿ ಐದು ಸೇರಿಸೋಕೆ ಹೊರಟಿದೀರಲ್ಲ ಅಂದ. ಅಕ್ಕ ನೋಡಿದ ನೋಟಕ್ಕೆ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ.

ಡಾಕ್ಟರಮ್ಮ ಈ ಸಲ ಸರಿಯಾಗಿ ಬೈದಳು. ಒಬ್ಬರ ಮನೆಗೆ ಏಕಾಏಕಿ ನುಗ್ಗಿಸಿದರೆ ಯಾರು ಸುಮ್ಮನಿರುತ್ತಾರೆ? ಯಾರದ್ದೂ ಅಲ್ಲದ ಜಾಗದಲ್ಲಿ ಎಲ್ಲವನ್ನೂ ಒಟ್ಟಿಗೆ ಬಿಡಿ. ಜಾಗ ಚೆನ್ನಾಗಿ ಶುಚಿ ಮಾಡಿ, ಯಾವುದರ ವಾಸನೆಯೂ ಇರಬಾರದು. ಮಧ್ಯೆ ಸೊಪ್ಪು ರಾಶಿ ಹಾಕಿ. ಅಟ್ಟಾಡಿಸುತ್ತವೆ, ಹಲ್ಲು ಕಡಿಯುತ್ತವೆ, ಅದು ಅವುಗಳ ಲೆಕ್ಕಾಚಾರ, ನೀವು ಮಧ್ಯೆ ಹೋಗಬೇಡಿ. ರಕ್ತ ಬಂದರೆ ಮಾತ್ರ ಬಿಡಿಸಿ.

ಸರಿ, ಮುಂದಿನ ಭಾನುವಾರ ಅಕ್ಕನ ಒಳಕೋಣೆಯ ಮಂಚ ಸರಿಸಿದರು. ನೆಲ ಶುಚಿ ಮಾಡುವ ಕೆಲಸ ನನಗೆ ಬಿಡು ಅಂದ ಸೂಜಿ ಮಾವ. ಶುಚಿ ಅಂದರೆ ಅವನ ಕೈಗೆ ಗೊತ್ತಿದ್ದದ್ದು ಒಂದೇ. ಬ್ಯಾಗಿನಿಂದ ಬಾಟಲಿ ತೆಗೆದು, ಹತ್ತಿ ಅದ್ದಿ ಅದ್ದಿ, ಮೊಣಕಾಲೂರಿ, ಆ ಗೋಡೆಯಿಂದ ಈ ಗೋಡೆಯವರೆಗೆ ಒಂದು ಚೂರೂ ಬಿಡದೆ ಒರೆಸಿದ. ಬೆನ್ನು ಹಿಡಿದುಕೊಂಡು ಎದ್ದು ನಿಂತಾಗ ನೆಲ ಕನ್ನಡಿಯ ಹಾಗೆ ಇತ್ತು. ಕೊತ್ತಂಬರಿ ಸೊಪ್ಪು, ಸೌತೆಕಾಯಿ ಹೋಳು ಮಧ್ಯೆ ಸುರಿದು ಐದನ್ನೂ ಬಿಟ್ಟರು.

ಹೋದ ಸಲವೇ ವಾಸಿ ಅನ್ನುವ ಹಾಗೆ ಆಯಿತು. ನಾಲ್ಕೂ ಗೋಡೆಗೆ ಮೈ ಅಂಟಿಸಿಕೊಂಡು ನಡುಗಿದವು, ಸೊಪ್ಪಿನ ಕಡೆ ಕಣ್ಣೆತ್ತಿ ನೋಡಲಿಲ್ಲ. ಮೊದ್ದುಮಣಿಗೆ ಮಾತ್ರ ಆ ನೆಲ ಸ್ವಂತ ಮನೆಯ ಹಾಗೆ. ನೆಲ ಮೂಸಿ, ಒಂದು ಎಲೆ ಬಾಯಿಗೆ ಹಾಕಿಕೊಂಡು, ಮೆಲ್ಲಗೆ ಅಮ್ಮನ ಹತ್ತಿರ ಹೋಯಿತು. ಯಜಮಾನಿ ಹಾರಿ ಕಿವಿ ಕಚ್ಚಿ ಹಿಡಿದಳು. ಅಕ್ಕ ಟವೆಲು ಹಾಕಿ ಬಿಡಿಸಿದಳು. ಕಿವಿಯ ಅಂಚು ಹರಿದು ರಕ್ತ ತೊಟ್ಟಿಕ್ಕುತ್ತಿತ್ತು.

ಅವನಿಗೆ ರಕ್ತ ಹೊಸದಲ್ಲ. ಕಿವಿಗೆ ಹತ್ತಿ ಒತ್ತಿ ಹಿಡಿದ, ಬಾಯಿ ಅಭ್ಯಾಸಕ್ಕೆ ಬಿದ್ದ ಮಾತನ್ನೇ ಆಡಿತು: ನಿಂತೋಗುತ್ತೆ, ನಿಂತೋಗುತ್ತೆ. ಮೊದ್ದುಮಣಿ ಅವನ ಅಂಗೈಯಲ್ಲಿ ಮುದುಡಿ, ಮೂಗನ್ನು ಬೆರಳ ಸಂದಿಗೆ ತುರುಕಿ ಕೂತಿತು. ಅಕ್ಕನಿಗೆ ಹೇಳಿದ, ಬಿಡು, ಇದರ ಹಣೇಲಿ ಬರೆದಿಲ್ಲ, ನನ್ನ ಜೊತೆಗೇ ಇರಲಿ. ಹೇಳುವಾಗ ಮುಖ ಸಪ್ಪೆ ಮಾಡಿಕೊಂಡಿದ್ದ. ಸುಳ್ಳು ಯಾಕೆ ಹೇಳಬೇಕು, ಒಳಗೊಳಗೇ ಅವನಿಗೆ ಸಮಾಧಾನವಾಗಿತ್ತು. ಸಂಜೆ ಮೆಟ್ಟಿಲು ಹತ್ತುವಾಗ ಸಿಳ್ಳೆ ಇರುತ್ತದೆ ಅನ್ನುವ ಸಮಾಧಾನ.

ಆ ಸಮಾಧಾನಕ್ಕೆ ಬೆಲೆ ತೆರುತ್ತಿದ್ದದ್ದು ಮೊದ್ದುಮಣಿ. ದಿನದಿಂದ ದಿನಕ್ಕೆ ಹಗುರಾಯಿತು. ಸಿಳ್ಳೆಯೂ ಸಣ್ಣಗಾಯಿತು, ಉಸಿರು ಸಾಲದವರು ಕೊಳಲು ಊದಿದ ಹಾಗೆ. ಹಿಟ್ಟು ಕಲಸಿ ಸಿರಿಂಜಿನಲ್ಲಿ ಬಾಯಿಗೆ ಬಿಡುತ್ತಿದ್ದ. ಅರ್ಧ ನುಂಗಿ ಅರ್ಧ ಉಗುಳುತ್ತಿತ್ತು. ನಿದ್ದೆಗೆಟ್ಟು ಕೆಲಸಕ್ಕೆ ಹೋದವನು ಒಂದು ಬೆಳಗ್ಗೆ ಒಬ್ಬರು ಮುದುಕರ ನರ ತಪ್ಪಿಸಿದ, ಮತ್ತೆ ಚುಚ್ಚಿ ಮತ್ತೆ ತಪ್ಪಿಸಿದ. ಮುದುಕರು ಗಂಟಲು ಹರಿಯುವ ಹಾಗೆ ಬೈದರು. ಅವನು ತಲೆ ಬಗ್ಗಿಸಿಕೊಂಡು ಕೇಳಿಸಿಕೊಂಡ, ಅರ್ಧ ದಿನ ರಜೆ ಬರೆದುಕೊಟ್ಟು ನೇರ ಅಕ್ಕನ ಮನೆಗೆ ಬಂದ. ಏನು ಕೇಳಬೇಕು ಅಂತ ಬಂದನೋ ಅವನಿಗೇ ಗೊತ್ತಿರಲಿಲ್ಲ.

ಅಕ್ಕ ಹೊಲಿಗೆ ಯಂತ್ರದ ಮುಂದೆ ಇದ್ದಳು, ಶಾಲೆ ಶುರುವಾಗುವ ಕಾಲ, ಕತ್ತೆತ್ತಲು ಪುರುಸೊತ್ತಿಲ್ಲ. ಅವನು ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಒಂದು ಕಡ್ಡಿ ಕೊತ್ತಂಬರಿ ಹಿಡಿದು ಜಾಲರಿಯೊಳಗೆ ಕೈ ಹಾಕಿದ. ನಾಲ್ಕೂ ದಡಬಡ ಅಂತ ಮೂಲೆಗೆ ಓಡಿದವು. ಯಜಮಾನಿ ಹಲ್ಲು ಕಡಿದಳು.

ಯಂತ್ರದ ಸದ್ದು ನಿಂತಿತು. ಅಕ್ಕ ಎದ್ದು ಬಂದು, ಅದೇ ಕಡ್ಡಿಯನ್ನು ಅವನ ಕೈಯಿಂದ ಕಿತ್ತುಕೊಂಡು ತಾನು ಹಿಡಿದಳು. ನಾಲ್ಕೂ ಮುಂದೆ ಬಂದು, ಕಡ್ಡಿ ಮೂಸಿ, ಮತ್ತೆ ಹಿಂದೆ ಸರಿದವು. ಬುಟ್ಟಿಯಿಂದ ಬೇರೆ ಕಡ್ಡಿ ತೆಗೆದು ಹಿಡಿದಳು. ಕಚ್ಚಿ ಎಳೆದುಕೊಂಡು ತಿಂದವು.

"ಕೊಡು ಇಲ್ಲಿ ಕೈ," ಅಂದಳು. ಅಂಗೈ ಹಿಡಿದು ಮೂಗಿಗೆ ತಂದು ಮುಖ ಕಿವುಚಿದಳು. "ಥೂ, ಆಸ್ಪತ್ರೆ ನಾತ ಕಣೋ. ಯಜಮಾನಿ ಕುತ್ತಿಗೇಲಿ ಕುರು ಎದ್ದಿತ್ತಲ್ಲ, ಡಾಕ್ಟ್ರು ಇದೇ ಹಚ್ಚಿ ಕೊಯ್ದಿದ್ದು. ಆ ಸ್ಪಿರಿಟ್ ವಾಸನೆ ಬಂದ್ರೆ ಇವತ್ತಿಗೂ ಇವಳ ಜೀವ ಬಾಯಿಗೆ ಬರುತ್ತೆ. ಇವಳು ಹೆದರಿದ್ರೆ ಮಿಕ್ಕಿದ್ದೆಲ್ಲ ಹೆದರುತ್ವೆ. ಅವು ಮಗಳನ್ನ ನೋಡೇ ಇಲ್ಲ. ಡಾಕ್ಟ್ರನ್ನ ನೋಡಿದಾವೆ."

ಅವನು ತನ್ನ ಕೈ ತಾನು ಮೂಸಿ ನೋಡಿದ. ಏನೂ ಬರಲಿಲ್ಲ. ಅವನ ಮೂಗಿಗೆ ಅದು ಗಾಳಿಯ ಹಾಗೆ ಆಗಿ ಎಷ್ಟೋ ವರ್ಷವಾಗಿತ್ತು. ಬ್ಯಾಗು ನೆನಪಾಯಿತು. ಒಳಕೋಣೆಯ ನೆಲ ನೆನಪಾಯಿತು, ಮೊಣಕಾಲೂರಿ ಒಂದು ಚೂರೂ ಬಿಡದೆ ಒರೆಸಿದ್ದು. ಅಯ್ಯೋ ನನ್ನ ಕರ್ಮವೇ ಅಂತ ನೆಲದ ಮೇಲೇ ಕೂತುಬಿಟ್ಟ.

ಅಕ್ಕ ಹಾದಿ ಹೇಳಿದಳು. ಮೊದ್ದುಮಣಿಯನ್ನು ಇಲ್ಲೇ ತಂದು ಬಿಡುವುದು. ಜಾಲರಿ ಪಕ್ಕದಲ್ಲೇ ಇನ್ನೊಂದು ಗೂಡು. ಇವುಗಳ ಹಾಸಿಗೆ ಬಟ್ಟೆ ಅದಕ್ಕೆ, ಅದರದ್ದು ಇವಕ್ಕೆ, ವಾಸನೆ ಒಂದಾಗುವ ತನಕ. ಅವನು ಮಾತ್ರ ಮುಟ್ಟಕೂಡದು, ಹತ್ತಿರಕ್ಕೂ ಬರಕೂಡದು. ಎಷ್ಟು ದಿನ ಅಂತ ಅವನು ಕೇಳಿದ. ಅದು ನಿನ್ನ ವಾಸನೆ ಮರೆಯೋ ತನಕ ಅಂದಳು ಅಕ್ಕ, ಅಳತೆ ಪಟ್ಟಿ ಕುತ್ತಿಗೆಗೆ ಹಾಕಿಕೊಳ್ಳುತ್ತಾ.

ಅವನು ನೆಲದಲ್ಲಿ ಬಿದ್ದಿದ್ದ ನೀಲಿ ಬಟ್ಟೆ ಚೂರುಗಳನ್ನು ಒಟ್ಟುಮಾಡುತ್ತಾ ಹೇಳಿದ. "ಈ ವಾಸನೆಗೆ ಎಲ್ಲರೂ ಓಡಿ ಹೋಗೋರೇ ಅಕ್ಕ. ಓಡಿ ಬರೋದು ಅಂದ್ರೆ ಅದೊಂದೇ."

ಅಕ್ಕ ಯಂತ್ರದ ಮುಂದೆ ಹೋಗಿ ಕೂತಳು. ಮಕ್ಕಳಿಗೆ ಸೂಜಿ ಮಾವ ಅಂತ ಹೆದರಿಸಿದ್ದು ಅವಳಿಗೂ ನೆನಪಾಗಿರಬೇಕು. ಒಂದು ತೋಳು ಪೂರ್ತಿ ಹೊಲಿದು, ದಾರ ಕತ್ತರಿಸಿ, ಅವನ ಕಡೆ ನೋಡದೆ ಅಂದಳು, "ಓಡಿ ಬರಬೇಕಾದ್ರೆ ಅದು ಬದುಕಿರಬೇಕಲ್ಲೋ."

ಮರುದಿನವೇ ತಂದ. ಬ್ಯಾಗಿನಲ್ಲಲ್ಲ, ರಟ್ಟಿನ ಪೆಟ್ಟಿಗೆಯಲ್ಲಿ, ಅಕ್ಕ ಕೊಟ್ಟ ಬಟ್ಟೆ ಚೂರು ಹಾಸಿ. ಹೊಸ್ತಿಲಲ್ಲೇ ನಿಂತು ಪೆಟ್ಟಿಗೆ ಕೊಟ್ಟ. ಅಕ್ಕ ಒಳಗೆ ತೆಗೆದುಕೊಂಡು ಹೋಗುವಾಗ ಮೊದ್ದುಮಣಿ ಪೆಟ್ಟಿಗೆಯ ಅಂಚಿನ ಮೇಲೆ ಮೂಗಿಟ್ಟು ಅವನ ಕಡೆ ತಿರುಗಿತ್ತು. ಅವನು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದ.

ಆಮೇಲಿನ ವಾರಗಳು ಎಲ್ಲ ಒಂದೇ ಥರ. ಕೈ ನೋಡು, ಚುಚ್ಚು, ಹತ್ತಿ ಇಡು. ಸಂಜೆ ಮೆಟ್ಟಿಲು ಹತ್ತುವಾಗ ಕಿವಿ ತಾನಾಗಿ ನಿಗುರುವುದು, ಆಮೇಲೆ ಓ ಇಲ್ಲವಲ್ಲ ಅನ್ನಿಸುವುದು. ಬೀಗ ತೆಗೆದ ಸದ್ದು ಮನೆಯೆಲ್ಲ ಸುತ್ತಿ ವಾಪಸ್ ಬರುವುದು. ಕೆಲವು ದಿನ ಅಡುಗೆಮನೆಯಲ್ಲಿ ನಿಂತುಕೊಂಡೇ ಉಂಡು ಮಲಗುತ್ತಿದ್ದ. ಖಾಲಿ ಗೂಡನ್ನು ಅಟ್ಟಕ್ಕೆ ಹಾಕಬೇಕು ಅಂದುಕೊಳ್ಳುತ್ತಿದ್ದ, ಕೈ ಎತ್ತಲು ತ್ರಾಣ ಇರುತ್ತಿರಲಿಲ್ಲ. ಫೋನಿನಲ್ಲಿ ಅಕ್ಕ ವರದಿ ಒಪ್ಪಿಸುತ್ತಿದ್ದಳು. ಜಾಲರಿಯ ಆಚೀಚೆ ಮೂಸಿಕೊಂಡವು. ಒಂದೇ ಜಾಗದಲ್ಲಿ ಬಿಟ್ಟೆ, ಯಜಮಾನಿ ಅಟ್ಟಾಡಿಸಿದಳು, ಹಲ್ಲು ಕಡಿದಳು, ರಕ್ತ ಬರಲಿಲ್ಲ. ನಿನ್ನ ಮೊದ್ದುಮಣಿ ತಲೆ ತಗ್ಗಿಸಿಬಿಡ್ತು, ಅಲ್ಲಿಗೆ ಮುಗೀತು. ಬೇರೆಯವು ತಿಂದು ಬಿಟ್ಟಿದ್ದನ್ನ ತಿಂತು. ಇವತ್ತು ಅವು ಬಿಡೋ ತನಕ ಕಾಯಲಿಲ್ಲ, ಜೊತೆಗೇ ತಿಂತು. ಹೂಂ ಅಕ್ಕ, ಹೂಂ ಅಕ್ಕ ಅನ್ನುತ್ತಿದ್ದ. ಖುಷಿ ಆಗುತ್ತಿತ್ತು, ಖಂಡಿತ ಆಗುತ್ತಿತ್ತು. ಫೋನು ಇಟ್ಟ ಮೇಲೆ ಖಾಲಿ ಗೂಡಿನ ಮುಂದೆ ಹೋಗಿ ಕೂರುತ್ತಿದ್ದ.

ಕೊನೆಗೊಂದು ರಜೆಯ ದಿನ ಬಾ ಅಂದಳು. ಬೆಳಗ್ಗೆ ತಲೆಗೆ ನೀರು ಹಾಕಿಕೊಂಡ. ನಿಂಬೆ ಸಿಪ್ಪೆಯಲ್ಲಿ ಉಗುರು ಸಂದಿಯೆಲ್ಲ ಉಜ್ಜಿದ. ಆದರೂ ಅಕ್ಕ ಬಾಗಿಲಲ್ಲೇ ತಡೆದು, ಅವನ ಅಂಗಿ ಬಿಚ್ಚಿಸಿ, ಎಲ್ಲಿಗೆ ಹೋದರೂ ಹೆಗಲು ಬಿಡದ ಬ್ಯಾಗಿನ ಜೊತೆ ಹೊರಗಿನ ಮೊಳೆಗೆ ತಗುಲಿಸಿ, ಭಾವನ ಅಂಗಿ ಕೊಟ್ಟಳು. ಭಾವನ ಹೊಟ್ಟೆಗೆ ಹೊಲಿದ ಅಂಗಿ, ಅವನಂಥವರು ಇಬ್ಬರು ಹಿಡಿಸಬಹುದು. ಭಾವ ಈ ಸಲ ನಗಲಿಲ್ಲ, ಬಾರಯ್ಯ ಕೂತ್ಕೋ ಅಂದ.

ಐದೂ ಒಂದರ ಮೇಲೊಂದು ಬಿದ್ದು ಮಲಗಿದ್ದವು. ಯಾವ ಕಾಲು ಯಾವುದರದ್ದು ಅಂತ ತಿಳಿಯುವಂತಿರಲಿಲ್ಲ. ಅಂಚು ಹರಿದ ಕಿವಿ ಹುಡುಕಿ ಗುರುತು ಹಿಡಿದ. ಮೈ ತುಂಬಿಕೊಂಡಿತ್ತು. ಕೊತ್ತಂಬರಿ ಹಿಡಿದು ಕೈ ಒಳಗೆ ಹಾಕಿದ. ಯಜಮಾನಿ ಬಂದಳು, ಹಿಂದೆ ಮೂರು ಬಂದವು, ಕೊನೆಗೆ ಮೊದ್ದುಮಣಿ. ಪಕ್ಕದವಳ ಬಾಯಿಂದ ಒಂದು ಎಲೆ ಕಿತ್ತುಕೊಂಡಿತು. ಅವನ ಬೆರಳನ್ನು ಒಮ್ಮೆ ಮೂಸಿ, ಯಾರೋ ಏನೋ ಅನ್ನುವ ಹಾಗೆ ತಿರುಗಿಕೊಂಡು ಹೋಗಿ ಗುಂಪಿನಲ್ಲಿ ತೂರಿತು. ಅವನಿಗೆ ಕಣ್ಣು ತುಂಬಿತು. ಬದುಕಿತು ಅನ್ನುವ ಸಂತೋಷಕ್ಕೆ ಅರ್ಧ, ಇನ್ನರ್ಧ ಯಾತಕ್ಕೆ ಅಂತ ಬಿಡಿಸಿ ಹೇಳಬೇಕೇ? ಅಕ್ಕ ಕಾಫಿ ಕೊಟ್ಟಳು. ಕುಡಿದ.

ಹೊರಡುವಾಗ ಬಾಗಿಲಾಚೆ ನಿಂತು ಭಾವನ ಅಂಗಿ ಬಿಚ್ಚಿ ತನ್ನದು ಹಾಕಿಕೊಂಡ. ಬ್ಯಾಗು ಹೆಗಲಿಗೇರಿಸಿ, ತನ್ನ ಮೂಗಿಗೇ ತಿಳಿಯದ ಆ ವಾಸನೆಯೊಂದಿಗೆ, ಬರ್ತೀನಿ ಅಕ್ಕ ಅಂತ ಹೇಳಲು ಒಂದು ಕಾಲು ಒಳಗಿಟ್ಟ.

"ಕುಯ್ಯ್!"

ಮೇಜಿನ ಕೆಳಗಿಂದ. ಮೊದ್ದುಮಣಿ ಗುಂಪನ್ನು ಸೀಳಿಕೊಂಡು ಬಂದು, ಮುಂಗಾಲೆರಡನ್ನೂ ಜಾಲರಿಗೆ ಊರಿ ಎದ್ದು ನಿಂತಿತ್ತು. ಮತ್ತೆ ಕೂಗಿತು, ಇನ್ನೂ ಜೋರಾಗಿ, ಹಿಂದೆಲ್ಲ ಜಾಣೆಯ ಜೊತೆ ಕೂಗುತ್ತಿದ್ದ ಹಾಗೆ. ಅವನ ಕಾಲು ತಾನಾಗಿ ಮುಂದೆ ಹೋಯಿತು. ಆಗ ನೋಡಿದ. ಯಜಮಾನಿ ಮೂಲೆಯಲ್ಲಿ ಮೈಕೂದಲು ನಿಗುರಿಸಿ ಹಲ್ಲು ಕಡಿಯುತ್ತಿದ್ದಳು, ಮಿಕ್ಕ ಮೂರೂ ಅವಳ ಹಿಂದೆ ಒತ್ತಿಕೊಂಡಿದ್ದವು. ಅವು ಬಾಗಿಲ ಕಡೆ ನೋಡುತ್ತಿರಲಿಲ್ಲ. ಹೊರಗಿನವಳನ್ನು ನೋಡುವ ಹಾಗೆ ಮೊದ್ದುಮಣಿಯ ಕಡೆ ನೋಡುತ್ತಿದ್ದವು.

ಒಳಗಿಟ್ಟ ಕಾಲನ್ನು ಹಿಂದೆ ತೆಗೆದ. "ಬಾಗಿಲು ಹಾಕ್ಕೋ ಅಕ್ಕ," ಅಂದ. "ಬೇಗ ಹಾಕು. ಇನ್ನು ನಾನು ಬರಲ್ಲ, ನೀನೇ ಅಲ್ಲಿಗೆ ಬರ್ತಿರು." ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಅವನು ತಾನೇ ಹಿಡಿ ಎಳೆದು ಬಾಗಿಲು ಮುಚ್ಚಿದ.

ನಾಲ್ಕು ಮೆಟ್ಟಿಲು ಇಳಿದು, ಪಕ್ಕದ ಕಂಬಿ ಹಿಡಿದು ಕೂತ. ಬಾಗಿಲಾಚೆ ಸಿಳ್ಳೆ ಇನ್ನೂ ಕೇಳುತ್ತಿತ್ತು. ನಿಲ್ಲಲಿ ದೇವರೇ ಅಂದುಕೊಂಡ. ನಿಂತುಬಿಟ್ಟರೆ ಏನು ಗತಿ ಅಂತಲೂ ಅಂದುಕೊಂಡ. ಬ್ಯಾಗನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದ. "ನಿಂತೋಗುತ್ತೆ," ಅಂದ, ಸಾಲಿನಲ್ಲಿ ಬಂದವರಿಗೆ ಹೇಳುವ ಅದೇ ದನಿಯಲ್ಲಿ, "ಒತ್ತಿ ಹಿಡ್ಕೋ, ನಿಂತೋಗುತ್ತೆ."

ಸ್ವಲ್ಪ ಹೊತ್ತಿಗೆ ನಿಂತಿತು. ಒಳಗೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ಇನ್ನೊಮ್ಮೆ ಕೇಳುತ್ತದೇನೋ ಅಂತ ಅವನು ಅಲ್ಲೇ ಕೂತಿದ್ದ, ಕೇಳಲಿಲ್ಲ. ಕಂಬಿ ಹಿಡಿದು ಎದ್ದ. ಬೆಳಗ್ಗೆ ಬೇಗ ಏಳಬೇಕಿತ್ತು.